ಬೇಗ ಮುಗಿಸಿದ ಮಗುವಿಗೆ ಏನು ಕೊಡಬೇಕು?

ನಾಲ್ಕನೆಯ ತರಗತಿಯಲ್ಲಿ ಗಣಿತದ ಪಾಠ ನಡೆಯುತ್ತಿದೆಯೆಂದು ವಾಚಕರು ಭಾವಿಸಿಕೊಳ್ಳಲಿ. ಮೇಷ್ಟರು ಕರಿಹಲಗೆಯ ಮೇಲೆ ಹತ್ತು ಗುಣಾಕಾರದ ಲೆಕ್ಕಗಳನ್ನು ಬರೆದಿದ್ದಾರೆ. ಒಬ್ಬ ಹುಡುಗಿ ಉಳಿದವರಿಗಿಂತ ಬಹು ಮುಂಚೆಯೇ ಎಲ್ಲವನ್ನೂ ಮುಗಿಸಿ ಕಿಟಕಿಯ ಆಚೆ ನೋಡುತ್ತ ಕುಳಿತಿದ್ದಾಳೆ. ಮೇಷ್ಟರು ಅವಳಿಗೆ ಇನ್ನೂ ಹತ್ತು ಲೆಕ್ಕಗಳನ್ನು ಕೊಡುತ್ತಾರೆ. ಅವೂ ಮುಗಿಯುತ್ತವೆ. ಮೂರನೆಯ ಸಲ ಅವಳು ಬೇಕೆಂದೇ ನಿಧಾನಿಸುತ್ತಾಳೆ. ಬೇಗ ಮುಗಿಸಿದ್ದಕ್ಕೆ ದೊರೆಯುವ ಬಹುಮಾನವು ಮತ್ತಷ್ಟು ಅದೇ ಲೆಕ್ಕವೆಂಬುದು ಅವಳಿಗೆ ಅಷ್ಟರಲ್ಲಿ ತಿಳಿದುಹೋಗಿದೆ.

ಹೀಗೆ ನಿಧಾನಿಸಲು ಕಲಿತ ಮಕ್ಕಳನ್ನು ಎಷ್ಟೋ ವರ್ಷಗಳ ತರುವಾಯ ಕಾಲೇಜಿನ ಭೌತಶಾಸ್ತ್ರದ ಪ್ರಯೋಗಶಾಲೆಯಲ್ಲಿ ಕಾಣುತ್ತಿದ್ದೇವೆಯೋ ಎಂದು ನಮಗೆ ಅನೇಕ ವೇಳೆ ಅನಿಸಿದೆ. ಅವರಿಗೆ ಅಂಕಗಳಿವೆ, ಸೂತ್ರಗಳು ಬಾಯಿಪಾಠವಾಗಿವೆ. ಆದರೆ ತಮ್ಮ ಅಳತೆಯು ಪುಸ್ತಕದ ಬೆಲೆಗೆ ಹೊಂದದಿದ್ದರೆ, ಏಕೆ ಹೊಂದಲಿಲ್ಲವೆಂದು ಕೇಳುವುದಿಲ್ಲ. ಅಳತೆಯನ್ನೇ ತಿದ್ದಿ ಬರೆದುಬಿಡುತ್ತಾರೆ. ಬುದ್ಧಿ ಉಳಿದಿದೆ, ಪ್ರಶ್ನೆ ಮಾತ್ರ ಎಲ್ಲಿಯೋ ಕಳೆದುಹೋಗಿದೆ. ಅದು ಕಳೆಯುವುದು ಪ್ರಾಥಮಿಕ ಶಾಲೆಯಲ್ಲಿಯೇ ಇರಬಹುದಾದ್ದರಿಂದ, ಉಳಿಸಿಕೊಳ್ಳುವ ಬಗೆಯನ್ನೂ ಅಲ್ಲಿಯೇ ವಿಚಾರಿಸುವುದು ಯುಕ್ತ.

ಚುರುಕಾದ ಮಗುವನ್ನು ಅಳೆದು ಗುರುತಿಸಬಹುದೆಂಬ ಯತ್ನ ನಮ್ಮ ನಾಡಿಗೆ ಹೊಸದಲ್ಲ. ಡಾ. ವಿ. ವಿ. ಕಾಮತರು ಧಾರವಾಡದಲ್ಲಿದ್ದು, ಫ್ರಾನ್ಸಿನ ಬಿನೆ ರಚಿಸಿದ ಬುದ್ಧಿಪರೀಕ್ಷೆಯನ್ನು 1930ರ ದಶಕದಲ್ಲಿಯೇ ಕನ್ನಡ ಮತ್ತು ಮರಾಠಿ ಮಕ್ಕಳಿಗೆ ಒಗ್ಗುವಂತೆ ಪರಿಷ್ಕರಿಸಿದರು. ಇದರ ತತ್ತ್ವ ಸರಳ. ಎಂಟು ವರ್ಷದ ಮಗುವು ಹತ್ತು ವರ್ಷದ ಮಕ್ಕಳು ಸಾಮಾನ್ಯವಾಗಿ ಬಿಡಿಸುವ ಪ್ರಶ್ನೆಗಳನ್ನು ಬಿಡಿಸಿದರೆ ಅದರ ಮಾನಸಿಕ ವಯಸ್ಸು ಹತ್ತು. ಹತ್ತನ್ನು ಎಂಟರಿಂದ ಭಾಗಿಸಿ ನೂರರಿಂದ ಗುಣಿಸಿದರೆ ಬರುವ 125 ಆ ಮಗುವಿನ ಬುದ್ಧಿಲಬ್ಧ.

ಈ ಅಳತೆಗೆ ಬೆಲೆಯಿದೆ, ಮಿತಿಯೂ ಇದೆ. ಅಮೆರಿಕದ ಲೂಯಿಸ್ ಟರ್ಮನ್ 1921ರಲ್ಲಿ ಕ್ಯಾಲಿಫೋರ್ನಿಯದ ಶಾಲೆಗಳನ್ನು ಶೋಧಿಸಲಾರಂಭಿಸಿ, 1,500ಕ್ಕೂ ಹೆಚ್ಚು ಪ್ರತಿಭಾವಂತ ಮಕ್ಕಳನ್ನು ಇಂತಹ ಪರೀಕ್ಷೆಯಿಂದ ಆರಿಸಿ ಅವರ ಬಾಳನ್ನು ದಶಕಗಳ ಕಾಲ ಅನುಸರಿಸಿದರು. ಆ ಶೋಧದಲ್ಲಿ ಪರೀಕ್ಷೆಗೆ ಒಳಗಾಗಿಯೂ ಆಯ್ಕೆಯಾಗದೆ ಉಳಿದವರಲ್ಲಿ ಇಬ್ಬರು ಹುಡುಗರಿದ್ದರು: ವಿಲಿಯಂ ಶಾಕ್ಲೆ ಮತ್ತು ಲೂಯಿ ಆಲ್ವರೆಜ್. ಮೊದಲನೆಯವರಿಗೆ 1956ರಲ್ಲಿ, ಎರಡನೆಯವರಿಗೆ 1968ರಲ್ಲಿ ಭೌತಶಾಸ್ತ್ರದ ನೊಬೆಲ್ ಪಾರಿತೋಷಕ ಬಂದಿತು. ಆಯ್ಕೆಯಾದವರಲ್ಲಿ ಒಬ್ಬರಿಗೂ ಅದು ಬರಲಿಲ್ಲ. ಕ್ಯಾಲಿಫೋರ್ನಿಯದ ಜರಡಿಯಲ್ಲೇ ಇಷ್ಟು ದೊಡ್ಡ ಕಣ್ಣುಗಳಿದ್ದರೆ, ಪುಸ್ತಕವಿಲ್ಲದ ಮನೆಯಿಂದ ಬಂದ ಹಳ್ಳಿಯ ಮಗುವನ್ನು ಒಂದು ಗಂಟೆಯ ಪರೀಕ್ಷೆ ಹಿಡಿದೀತೆಂದು ನಂಬಿ ಕೂಡುವುದು ಹೇಗೆ?

ಗುರುತಿಸಿದ ಮೇಲೆ ಮಾಡತಕ್ಕದ್ದೇನು? ಶಿಕ್ಷಣಶಾಸ್ತ್ರಜ್ಞರು ಮುಖ್ಯವಾಗಿ ಎರಡು ಮಾರ್ಗಗಳನ್ನು ಹೇಳುತ್ತಾರೆ. ಮಗುವನ್ನು ಮುಂದಿನ ಪಾಠಕ್ಕೋ ಮುಂದಿನ ತರಗತಿಗೋ ಬೇಗ ದಾಟಿಸುವುದು ಒಂದು; ಇದು ವೇಗದ ಮಾರ್ಗ. ಅದೇ ತರಗತಿಯಲ್ಲಿ, ಅದೇ ಪಾಠವನ್ನು ಇನ್ನೂ ಆಳಕ್ಕೂ ಅಗಲಕ್ಕೂ ಒಯ್ಯುವುದು ಇನ್ನೊಂದು. ಇದನ್ನು ಸಂವರ್ಧನ ಶಿಕ್ಷಣವೆನ್ನಬಹುದು. ನಮ್ಮ ಸರ್ಕಾರಿ ಶಾಲೆಗಳ ನಲಿ–ಕಲಿ ಪದ್ಧತಿಯಲ್ಲಿ ವೇಗಕ್ಕೆ ಒಳ್ಳೆಯ ಅವಕಾಶವುಂಟು. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಮೊದಲಾದ ಈ ಪದ್ಧತಿಯಲ್ಲಿ ಕೆಳ ತರಗತಿಗಳ ಮಕ್ಕಳು ಒಟ್ಟಿಗೆ ಕುಳಿತು, ಕಲಿಕೆಯ ಏಣಿಯ ಮೆಟ್ಟಿಲುಗಳನ್ನು ಕಾರ್ಡುಗಳ ಸಹಾಯದಿಂದ ತಮ್ಮ ತಮ್ಮ ನಡಿಗೆಯಲ್ಲಿ ಏರುತ್ತಾರೆ. ಆದರೆ ನಾಲ್ಕನೆಯ ತರಗತಿಗೆ ಬಂದೊಡನೆ ಏಣಿ ಮುಗಿಯುತ್ತದೆ. ಎಲ್ಲರಿಗೂ ಒಂದೇ ಪುಸ್ತಕ, ಒಂದೇ ಪುಟ. ಮುಂದೆ ಆರನೆಯ ತರಗತಿಗೆ ನವೋದಯ ವಿದ್ಯಾಲಯದ ಪರೀಕ್ಷೆಯಿದೆ. ಚಿತ್ರದುರ್ಗ ಜಿಲ್ಲೆಯ ವಿದ್ಯಾಲಯವು ಹಿರಿಯೂರು ತಾಲ್ಲೂಕಿನಲ್ಲಿದೆ. ಅದು ಉತ್ತಮ ವ್ಯವಸ್ಥೆಯೇ ಸರಿ. ಆದರೆ ಇಂತಹ ಒಂದು ವಿದ್ಯಾಲಯ ವರ್ಷಕ್ಕೆ ಹೆಚ್ಚೆಂದರೆ 80 ಮಕ್ಕಳನ್ನು ಸೇರಿಸಿಕೊಳ್ಳಬಲ್ಲದು. ಕಿಟಕಿಯ ಆಚೆ ನೋಡುತ್ತಿರುವ ನಮ್ಮ ಹುಡುಗಿಗೆ ಆ ಬಾಗಿಲು ತೆರೆಯುವುದಕ್ಕೆ ಇನ್ನೂ ಎರಡು ವರ್ಷವಿದೆ, ತೆರೆಯದೆಯೂ ಇರಬಹುದು.

ಆದಕಾರಣ ಎರಡನೆಯ ಮಾರ್ಗವನ್ನು ಸ್ವಲ್ಪ ವಿವರವಾಗಿ ನೋಡೋಣ. ಅಮೆರಿಕದ ಜೋಸೆಫ್ ರೆನ್ಜುಲಿ 1977ರಲ್ಲಿ ಇದಕ್ಕೆ ಮೂರು ಹಂತಗಳ ಒಂದು ಕ್ರಮವನ್ನು ಸೂಚಿಸಿದರು. ಮೊದಲನೆಯದು, ಪಠ್ಯದಲ್ಲಿಲ್ಲದ ವಿಷಯಗಳ ಪರಿಚಯ. ಎರಡನೆಯದು, ಅಳೆಯುವ, ಬರೆದಿಡುವ, ವಿಚಾರಮಾಡುವ ವಿಧಾನಗಳ ಅಭ್ಯಾಸ. ಮೂರನೆಯದು, ಮಗು ತಾನೇ ಎತ್ತಿದ ಪ್ರಶ್ನೆಯ ಶೋಧನೆ. ಮೊದಲೆರಡು ಎಲ್ಲ ಮಕ್ಕಳಿಗೂ ಸಲ್ಲತಕ್ಕವು. ಮೂರನೆಯದಕ್ಕೆ ಯಾರು ತಾವಾಗಿ ಮುಂದೆ ಬರುತ್ತಾರೋ ಅವರು. ಇಲ್ಲಿ ಜರಡಿ ಹಿಡಿಯುವವರು ಪರೀಕ್ಷಕರಲ್ಲ, ಮಗುವಿನ ಕುತೂಹಲವೇ.

ಈ ಮೂರು ಹಂತಗಳನ್ನು ನಮ್ಮದೇ ಒಂದು ಊರಿನಲ್ಲಿಟ್ಟು ನೋಡಿದರೆ ವಿಷಯ ಸ್ಪಷ್ಟವಾಗುತ್ತದೆ. ಚಿತ್ರದುರ್ಗ ತಾಲ್ಲೂಕಿನ ಭೀಮಸಮುದ್ರವನ್ನು ತೆಗೆದುಕೊಳ್ಳೋಣ. ದೊಡ್ಡ ಕೆರೆ, ಅಡಿಕೆಯ ತೋಟಗಳು, ಅಡಿಕೆಯ ವ್ಯಾಪಾರ, ಆಸುಪಾಸಿನ ಗುಡ್ಡಗಳಲ್ಲಿ ಕಬ್ಬಿಣದ ಅದಿರು – ಇಷ್ಟಿರುವ ಊರಿನ ಶಾಲೆಗೆ ಪ್ರಯೋಗಶಾಲೆಯಿಲ್ಲವೆಂದು ಹೇಳುವಂತಿಲ್ಲ. ತರಗತಿಯ ಮಕ್ಕಳೆಲ್ಲರೂ ಮೇಷ್ಟರೊಡನೆ ಕೆರೆಯ ಏರಿಗೆ ಹೋಗಿ, ತೂಬು ಯಾವುದು, ಕೋಡಿ ಯಾವುದು ಎಂದು ತಿಳಿದ ಹಿರಿಯರಿಂದ ಕೇಳುತ್ತಾರೆ. ಬೇಸಗೆಯಲ್ಲಿ ತೂಬು ಮುಚ್ಚಿದ್ದರೂ ನೀರು ಇಳಿಯುತ್ತದೆಯಲ್ಲ, ಅದು ಎಲ್ಲಿಗೆ ಹೋಯಿತು? ಇದು ಮೊದಲ ಹಂತ.

ಮರುದಿನ ಶಾಲೆಯ ಅಂಗಳದ ಬಿಸಿಲಿನಲ್ಲಿ, ನೆಟ್ಟಗಿನ ಅಂಚಿನ ಒಂದು ಅಗಲವಾದ ಬಾನಿಯಲ್ಲಿ ನೀರಿಟ್ಟು, ಸ್ಕೇಲಿನಿಂದ ಅದರ ಆಳವನ್ನು ಅಳೆಯುತ್ತಾರೆ. ದಿನವೂ ಒಂದೇ ಹೊತ್ತಿಗೆ ಅಳೆದು, ಪಟ್ಟಿ ಬರೆದು, ವಾರದ ಸರಾಸರಿಯನ್ನು ತೆಗೆಯುವುದು ಎರಡನೆಯ ಹಂತ. ದಿನಕ್ಕೆ 5 ಮಿಲಿಮೀಟರು ಇಳಿಯಿತೆಂದು ಇಟ್ಟುಕೊಳ್ಳೋಣ. ಒಂದು ಚದರ ಮೀಟರು ನೀರಿನ ಮೇಲ್ಮೈಯಲ್ಲಿ ಒಂದು ಮಿಲಿಮೀಟರು ಇಳಿದರೆ ಹೋದ ನೀರು ಸರಿಯಾಗಿ ಒಂದು ಲೀಟರು. ಹೆಕ್ಟೇರಿಗೆ 10,000 ಚದರ ಮೀಟರು. ಎಂದರೆ ಹೆಕ್ಟೇರೊಂದರಿಂದ ದಿನಕ್ಕೆ 50,000 ಲೀಟರು ನೀರು ಆಕಾಶದ ಪಾಲಾಗುತ್ತದೆ! ಕರಿಹಲಗೆಯ ಮೇಲಿದ್ದ ಗುಣಾಕಾರವೇ ಇದು. ಆದರೆ ಈಗ ಅದಕ್ಕೆ ಒಂದು ಅರ್ಥ ಬಂದಿದೆ.

ಇಲ್ಲಿಯವರೆಗೆ ತರಗತಿಯೆಲ್ಲ ಒಟ್ಟಿಗೆ ಬಂದಿದೆ. ಈಗ ಬೇಗ ಮುಗಿಸಿದ ಹುಡುಗಿಗೆ ಮೇಷ್ಟರು ಹೊಸ ಲೆಕ್ಕವನ್ನು ಕೊಡುವುದಿಲ್ಲ. ‘ಬಾನಿಯಲ್ಲಿ ಆದಂತೆಯೇ ಕೆರೆಯಲ್ಲಿಯೂ ಆಗುತ್ತದೆಯೆ, ತಾಯಿ?’ ಎಂದಷ್ಟೇ ಕೇಳುತ್ತಾರೆ. ಅವಳು ಒಂದು ಬಾನಿಯನ್ನು ನೆರಳಿನಲ್ಲಿಟ್ಟು, ಇನ್ನೊಂದನ್ನು ಬಿಸಿಲಿನಲ್ಲಿಟ್ಟು ಹೋಲಿಸುತ್ತಾಳೆ; ಕಾಗೆ ಕುಡಿದ ನೀರನ್ನು ಲೆಕ್ಕಕ್ಕೆ ಹಿಡಿಯಬೇಕೆ ಎಂದು ಯೋಚಿಸುತ್ತಾಳೆ. ಇದು ಹವಾಮಾನ ಶಾಸ್ತ್ರಜ್ಞರೂ ಎದುರಿಸಿದ ಪ್ರಶ್ನೆಯೇ. ಬಾನಿಯ ಲೋಹವೂ ಅದರಲ್ಲಿನ ಅಲ್ಪ ನೀರೂ ಬೇಗ ಕಾಯುವುದರಿಂದ, ಬಾನಿಯಿಂದ ಹೋಗುವ ನೀರು ಕೆರೆಯಿಂದ ಹೋಗುವುದಕ್ಕಿಂತ ಹೆಚ್ಚು. ಅದಕ್ಕಾಗಿ ಅವರು ತಮ್ಮ ಪ್ರಮಾಣಬದ್ಧ ಬಾನಿಯ ಅಳತೆಯನ್ನು ಸಾಮಾನ್ಯವಾಗಿ ಸುಮಾರು 0.7ರಿಂದ ಗುಣಿಸಿಕೊಳ್ಳುತ್ತಾರೆ. ಎರಡು ಅಳತೆಗಳು ಹೊಂದದಿದ್ದಾಗ ತಿದ್ದದೆ, ‘ಏಕೆ?’ ಎಂದು ಕೇಳುವ ಅಭ್ಯಾಸ ಅವಳಿಗೆ ಒಂಬತ್ತನೆಯ ವಯಸ್ಸಿಗೇ ಬಂದಂತಾಯಿತು.

ಕೆರೆಯಂತೆ ಅಡಿಕೆಯೂ ಪಾಠ ಹೇಳೀತು. ಸುಲಿದು ಬೇಯಿಸಿದ ಹತ್ತು ಅಡಿಕೆಗಳನ್ನು ದಿನವೂ ತೂಗಿ ನಕ್ಷೆ ಬರೆದರೆ, ತೂಕವು ಮೊದಲು ಬೇಗಬೇಗನೆ, ಆಮೇಲೆ ಮೆಲ್ಲಮೆಲ್ಲನೆ ಇಳಿಯುವುದು ಕಾಣುತ್ತದೆ. ಅಂತೆಯೇ, ಒಂದೇ ಗಾತ್ರದ ಅದಿರಿನ ಕಲ್ಲು ಕಗ್ಗಲ್ಲಿಗಿಂತ ಏಕೆ ಭಾರವೆಂದು ವಿಚಾರಿಸಬಹುದು. ಶುದ್ಧ ಹೆಮಟೈಟು ನೀರಿನ ಸುಮಾರು 5.2 ಪಟ್ಟು ತೂಗಿದರೆ ಗ್ರಾನೈಟು ಸುಮಾರು 2.7 ಪಟ್ಟು ಮಾತ್ರ.

ಎರಡು ಮೂರು ತರಗತಿಗಳನ್ನು ಒಬ್ಬರೇ ನೋಡಿಕೊಳ್ಳುವ ಉಪಾಧ್ಯಾಯರಿಗೆ ಇದಕ್ಕೆಲ್ಲ ವೇಳೆ ಎಲ್ಲಿದೆಯೆಂಬ ಆಕ್ಷೇಪಣೆ ನ್ಯಾಯವಾದದ್ದೇ. ಆದರೆ ಮೂರನೆಯ ಹಂತದಲ್ಲಿ ಅವರು ಪಾಠ ಹೇಳಬೇಕಾದ್ದಿಲ್ಲ. ಒಂದು ಪ್ರಶ್ನೆ ಕೇಳಿ, ಎಂಟು ದಿನ ಬಿಟ್ಟು ಉತ್ತರವನ್ನು ಗಮನವಿಟ್ಟು ಕೇಳಿದರೆ ಸಾಕು. ಪ್ರಶ್ನೆಯ ಉತ್ತರ ತಮಗೂ ತಿಳಿಯದಿದ್ದರೆ ಹಾಗೆಂದು ಹೇಳುವುದರಲ್ಲಿ ಕುಂದಿಲ್ಲ. ಅಲ್ಲದೆ, ಬಾನಿಯ ಸುತ್ತ ತರಗತಿಯೆಲ್ಲ ನಿಂತಿರುವಾಗ, ಲೆಕ್ಕದಲ್ಲಿ ಹಿಂದುಳಿದನೆಂದು ಎಣಿಸಿದ್ದ, ಅಡಿಕೆ ಸುಲಿಯುವ ಕೂಲಿಕಾರರ ಮಗನೇ ಎಲ್ಲರಿಗಿಂತ ಒಳ್ಳೆಯ ಪ್ರಶ್ನೆಯನ್ನು ಕೇಳಿದರೂ ಕೇಳಬಹುದು. ಅವನನ್ನು ಯಾವ ಪರೀಕ್ಷೆಯೂ ಹುಡುಕಿರಲಿಲ್ಲ.

ನಾಳೆ ಯಾವುದಾದರೂ ಮಗು ‘ಮುಗೀತು ಸಾರ್’ ಎಂದು ಪುಸ್ತಕವನ್ನು ಚಾಚಿದಾಗ, ಹನ್ನೊಂದನೆಯ ಲೆಕ್ಕವನ್ನು ಬರೆಯುವ ಮುಂಚೆ ಉಪಾಧ್ಯಾಯರು ತಾವೂ ಒಮ್ಮೆ ಕಿಟಕಿಯ ಆಚೆ ನೋಡಲಿ ಎಂಬುದೇ ನಮ್ಮ ವಿನಂತಿ.