ಎಂಟು ತಿಂಗಳು ಎಂದರೆ ಎಷ್ಟು?

"ಡಾಕ್ಟ್ರು ಎಷ್ಟು ದಿನ ಅಂದ್ರು?" ಆಸ್ಪತ್ರೆಯ ವರಾಂಡದಲ್ಲಿ ಈ ಪ್ರಶ್ನೆಯನ್ನು ಯಾರೂ ಗಟ್ಟಿಯಾಗಿ ಕೇಳುವುದಿಲ್ಲ. ರೋಗಿಯನ್ನು ಒಳಗೆ ಕೂರಿಸಿ, ಮಗನನ್ನೋ ಅಳಿಯನನ್ನೋ ಹೊರಗೆ ಕರೆದು ಹೇಳುವುದು ನಮ್ಮಲ್ಲಿ ರೂಢಿ. ಆರು ತಿಂಗಳು, ಹೆಚ್ಚೆಂದರೆ ವರ್ಷ. ಆ ಅಂಕಿ ಮನೆಗೆ ಬಂದು, ಅಡುಗೆಮನೆ ಹೊಕ್ಕು, ಫೋನಿನಲ್ಲಿ ನೆಂಟರಿಷ್ಟರನ್ನೆಲ್ಲ ಸುತ್ತಿ, ಕೊನೆಗೆ ಗೋಡೆಯ ಕ್ಯಾಲೆಂಡರಿನಲ್ಲಿ ಒಂದು ತಾರೀಖಾಗಿ ಕೂತುಬಿಡುತ್ತದೆ. ರೋಗಿಗೆ ಮಾತ್ರ ಗೊತ್ತಿಲ್ಲ ಎಂದು ಎಲ್ಲರೂ ನಂಬಿರುತ್ತಾರೆ. ಎಷ್ಟೋ ಸಲ ಅವರಿಗೂ ಗೊತ್ತಿರುತ್ತದೆ.

ಆ ಅಂಕಿ ಬರುವುದಾದರೂ ಎಲ್ಲಿಂದ? ನನಗೆ ಇದನ್ನು ಬಿಡಿಸಿ ತೋರಿಸಿದ್ದು ವೈದ್ಯರಲ್ಲ, ಬಸವನಹುಳುಗಳ ಚಿಪ್ಪು ಅಳೆಯುತ್ತಿದ್ದ ಒಬ್ಬ ವಿಜ್ಞಾನಿ. ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುತ್ತಿದ್ದ ಸ್ಟೀಫನ್ ಜೇ ಗೌಲ್ಡ್. ಪಳೆಯುಳಿಕೆಗಳ ತಜ್ಞ, ವಿಕಾಸವಾದದ ದೊಡ್ಡ ಜಗಳಗಂಟ, ಬೇಸ್‌ಬಾಲ್ ಹುಚ್ಚಿನ ಮನುಷ್ಯ.

1982ರ ಜುಲೈಯಲ್ಲಿ, 40ನೇ ವಯಸ್ಸಿನಲ್ಲಿ, ಅವರಿಗೆ ಹೊಟ್ಟೆಯ ಮೀಸೋಥೀಲಿಯೋಮ ಇದೆಯೆಂದು ತಿಳಿಯಿತು. ಒಳಾಂಗಗಳನ್ನು ಸುತ್ತಿಕೊಂಡಿರುವ ತೆಳು ಪೊರೆಗೆ ಬರುವ ಅಪರೂಪದ ಕ್ಯಾನ್ಸರ್ ಇದು; ಕಲ್ನಾರಿನ ಧೂಳಿಗೂ ಇದಕ್ಕೂ ಹಳೆಯ ನಂಟು. ಶಸ್ತ್ರಚಿಕಿತ್ಸೆ ಮುಗಿದ ಮೇಲೆ, ಇದರ ಬಗ್ಗೆ ಏನು ಓದಲಿ ಎಂದು ಗೌಲ್ಡ್ ತಮ್ಮ ವೈದ್ಯೆಯನ್ನು ಕೇಳಿದರು. ಓದುವಂಥದ್ದು ಹೆಚ್ಚೇನಿಲ್ಲ ಎಂದು ಆಕೆ ಮಾತು ತೇಲಿಸಿದರು. ಪುಸ್ತಕದ ಹುಳುವಿಗೆ ಹೀಗೆ ಹೇಳಿದರೆ ಸುಮ್ಮನಿರುತ್ತಾನೆಯೇ? ನಡೆದಾಡುವಷ್ಟು ಚೇತರಿಸಿಕೊಂಡ ಕೂಡಲೇ ಗೌಲ್ಡ್ ಹಾರ್ವರ್ಡ್‌ನ ವೈದ್ಯಕೀಯ ಗ್ರಂಥಾಲಯಕ್ಕೆ ಹೋದರು. ವೈದ್ಯೆ ಯಾಕೆ ತೇಲಿಸಿದರೆಂಬುದು ಅಲ್ಲಿ ಗೊತ್ತಾಯಿತು. ಕಾಯಿಲೆ ವಾಸಿಯಾಗದ್ದು, ಪತ್ತೆಯಾದ ಮೇಲೆ ಬದುಕುವ ಅವಧಿಯ ಮಧ್ಯಾಂಕ ಎಂಟು ತಿಂಗಳು ಎಂದು ಬರೆದಿತ್ತು. ಸುಮಾರು ಹದಿನೈದು ನಿಮಿಷ ಅವರು ಮಂಕು ಹಿಡಿದವರಂತೆ ಕೂತರು. ಆಮೇಲೆ ತಲೆ ಓಡತೊಡಗಿತು.

ಮಧ್ಯಾಂಕವನ್ನು ನಾವೆಲ್ಲ ಹತ್ತನೇ ಕ್ಲಾಸಿನಲ್ಲಿ ಸರಾಸರಿ, ಬಹುಲಕಗಳ ಜೊತೆ ಬಾಯಿಪಾಠ ಮಾಡಿ, ಪರೀಕ್ಷೆ ಬರೆದು ಮರೆತವರೇ. ಒಂದು ಕಾಲ್ಪನಿಕ ಲೆಕ್ಕ ತೆಗೆದುಕೊಳ್ಳಿ. ಒಂಬತ್ತು ರೋಗಿಗಳು ಕ್ರಮವಾಗಿ 2, 4, 6, 7, 8, 12, 20, 60, 240 ತಿಂಗಳು ಬದುಕಿದರು. ಸಾಲಿನ ನಟ್ಟನಡುವೆ ನಿಂತವರದು 8 ತಿಂಗಳು, ಅದೇ ಮಧ್ಯಾಂಕ. ಅಂದರೆ ಅರ್ಧ ಜನ ಅದಕ್ಕಿಂತ ಮುಂಚೆ ಹೋದರು, ಉಳಿದರ್ಧ ಆಮೇಲೆ. ಅದು ಯಾರ ಹಣೆಯ ಮೇಲೂ ಬರೆದ ಗಡುವಲ್ಲ. ಇದೇ ಒಂಬತ್ತು ಜನರ ಸರಾಸರಿ ತೆಗೆದರೆ ಸುಮಾರು 40 ತಿಂಗಳು ಬರುತ್ತದೆ! ಹಾಗಾದರೆ ಯಾವುದು ನಿಜ? ಎರಡೂ ಗುಂಪಿನ ಮಾತು. ಒಬ್ಬ ರೋಗಿಗೆ ಎರಡೂ ಅನ್ವಯಿಸುವುದಿಲ್ಲ.

ಗೌಲ್ಡ್ ಹಿಡಿದ ಎಳೆ ಇದೇ. ಇಂಥ ಲೆಕ್ಕದಲ್ಲಿ ಎಡಗಡೆ ಗೋಡೆಯಿದೆ: ಸೊನ್ನೆಗಿಂತ ಕಡಿಮೆ ಯಾರೂ ಬದುಕಲಾರರು. ಹಾಗಾಗಿ ಬೇಗ ತೀರಿಕೊಂಡ ಅರ್ಧ ಜನ ಸೊನ್ನೆಗೂ ಎಂಟಕ್ಕೂ ನಡುವೆ ಒತ್ತೊತ್ತಾಗಿ ತುಂಬಿರುತ್ತಾರೆ. ಬಲಗಡೆಗೆ ಗೋಡೆಯಿಲ್ಲ, ಬಾಲ ಉದ್ದಕ್ಕೆ ಚಾಚಿಕೊಂಡಿರುತ್ತದೆ. ತಾನು ಆ ಬಾಲದಲ್ಲಿರಬಹುದೇ? ವಯಸ್ಸು ಚಿಕ್ಕದು, ಕಾಯಿಲೆ ಬೇಗ ಪತ್ತೆಯಾಗಿದೆ, ಚಿಕಿತ್ಸೆ ಒಳ್ಳೆಯದು ಸಿಗುತ್ತಿದೆ. ಜೊತೆಗೆ ಅದು ಹೊಸ ಪ್ರಯೋಗದ ಚಿಕಿತ್ಸೆ. ಪುಸ್ತಕದಲ್ಲಿದ್ದದ್ದು ಹಳೆಯ ಚಿಕಿತ್ಸೆ ಪಡೆದವರ ಲೆಕ್ಕ. ಇದು ಮನಸ್ಸಿನ ಸಮಾಧಾನಕ್ಕೆ ಹೇಳಿಕೊಂಡ ಕತೆಯಲ್ಲ, ಅಂಕಿಗಳನ್ನು ಸರಿಯಾಗಿ ಓದಿದವನ ತೀರ್ಮಾನ.

ಬಸವನಹುಳು ಇಲ್ಲಿ ಸುಮ್ಮನೆ ಬಂದಿಲ್ಲ. ಬಹಾಮಾ ದ್ವೀಪಗಳ ಸೆರಿಯನ್ ಎಂಬ ನೆಲದ ಬಸವನಹುಳುಗಳ ಮೇಲೆ ಗೌಲ್ಡ್ ವರ್ಷಗಟ್ಟಲೆ ಕೆಲಸ ಮಾಡಿದ್ದರು. ಒಂದೇ ಕುಲದೊಳಗೆ ಚಿಪ್ಪಿನ ಆಕಾರ ಎಷ್ಟೊಂದು ಬಗೆ! ವಿಕಾಸದ ವಿಜ್ಞಾನಿಗೆ ಆ ವೈವಿಧ್ಯವೇ ವಾಸ್ತವ, ಸರಾಸರಿ ಚಿಪ್ಪೆಂಬುದು ಕಾಗದದ ಮೇಲಿನ ವಸ್ತು. ನಾವು ಇದನ್ನು ತಲೆಕೆಳಗು ಮಾಡುತ್ತೇವೆ, ನಡುವಿನ ಸಂಖ್ಯೆಯನ್ನು ಸತ್ಯವೆಂದು ಹಿಡಿದು, ಅದರ ಸುತ್ತಲಿನ ಏರುಪೇರನ್ನು ಗದ್ದಲವೆಂದು ತಳ್ಳಿಬಿಡುತ್ತೇವೆ. ಗೌಲ್ಡ್ ಇದನ್ನೆಲ್ಲ 1985ರಲ್ಲಿ 'ಡಿಸ್ಕವರ್' ಪತ್ರಿಕೆಗೆ ಬರೆದರು.

ಇಲ್ಲೊಂದು ಎಚ್ಚರ. ಇಂಥ ಕತೆಗಳನ್ನು ವಾಟ್ಸಾಪಿನಲ್ಲಿ 'ಧೈರ್ಯವಿದ್ದರೆ ಕ್ಯಾನ್ಸರನ್ನೂ ಗೆಲ್ಲಬಹುದು' ಎಂಬ ತಲೆಬರಹ ಹಾಕಿ ಹಂಚುತ್ತಾರೆ. ಹಾಗಾದರೆ ಎರಡನೇ ತಿಂಗಳಿಗೇ ಹೋದವರಿಗೆ ಧೈರ್ಯವಿರಲಿಲ್ಲವೇ? ಈ ಮಾತಿನಷ್ಟು ಕ್ರೂರವಾದದ್ದು ಬೇರೆ ಇಲ್ಲ. ಗೌಲ್ಡ್ ಬದುಕಿದ್ದಕ್ಕೆ ಚಿಕಿತ್ಸೆಯೂ ಕಾರಣ, ಅದೃಷ್ಟವೂ ಕಾರಣ. ಲೆಕ್ಕ ಅವರ ಆಯಸ್ಸನ್ನು ಹಿಗ್ಗಿಸಲಿಲ್ಲ. ಇದ್ದ ದಿನಗಳನ್ನು ಗಡುವಿನ ಬಾಯಿಂದ ಬಿಡಿಸಿಕೊಟ್ಟಿತು.

ಆ ದಿನಗಳಲ್ಲಿ ಅವರು ಮಾಡಿದ್ದೇನು? ಹಿಂದೆ ಮಾಡುತ್ತಿದ್ದುದನ್ನೇ. ಸ್ಟ್ಯಾನ್‌ಫರ್ಡ್‌ನ ಮನಶ್ಶಾಸ್ತ್ರಜ್ಞೆ ಲಾರಾ ಕಾರ್‌ಸ್ಟೆನ್ಸನ್ ಅವರ ಸಂಶೋಧನೆಗಳ ಪ್ರಕಾರ, ಕಾಲ ಕಿರಿದಾಗಿ ಕಂಡಾಗ ಜನ ಹೊಸ ಪರಿಚಯ, ಹೊಸ ಅವಕಾಶಗಳ ಬೆನ್ನು ಬಿಟ್ಟು, ಮನಸ್ಸಿಗೆ ಹತ್ತಿರವಾದ ನಾಲ್ಕು ಜನ, ನಾಲ್ಕು ಕೆಲಸಗಳತ್ತ ತಿರುಗುತ್ತಾರೆ. ಇದು ಮುದುಕರ ಗುಣವಷ್ಟೇ ಅಲ್ಲ. ಎಚ್‌ಐವಿ ತಗುಲಿದ್ದ ಯುವಕರಲ್ಲೂ ಇದೇ ಒಲವು ಕಂಡಿತ್ತು. ಗೌಲ್ಡ್‌ಗೆ ಹತ್ತಿರವಾಗಿದ್ದುದು ಬರವಣಿಗೆ. 'ನ್ಯಾಚುರಲ್ ಹಿಸ್ಟರಿ' ಪತ್ರಿಕೆಗೆ 1974ರ ಜನವರಿಯಲ್ಲಿ ಆರಂಭಿಸಿದ ಅಂಕಣವನ್ನು ಕೀಮೋಥೆರಪಿಯ ವಾಂತಿ, ಸುಸ್ತುಗಳ ನಡುವೆಯೂ ಒಂದು ಸಂಚಿಕೆ ತಪ್ಪಿಸದೆ 2001ರ ಜನವರಿಯವರೆಗೆ ಬರೆದರು, ಒಟ್ಟು 300 ಪ್ರಬಂಧ. ಸಾವಿಗೆ ತಲೆಬಾಗುವುದು ಅವರ ಜಾಯಮಾನವಾಗಿರಲಿಲ್ಲ. ತನ್ನ ಸರದಿ ಬಂದಾಗ ಶಾಂತವಾಗಿ ಹೋಗಬೇಕೆಂಬ ಆಸೆಯಿತ್ತು, ಅಲ್ಲಿಯವರೆಗೆ ಮಾತ್ರ ಅದು ಶತ್ರುವೇ.

ಎಂಟು ತಿಂಗಳ ಲೆಕ್ಕ ಹಿಡಿದಿದ್ದರೆ 1983ರ ಮಾರ್ಚಿಗೆ ಎಲ್ಲ ಮುಗಿಯಬೇಕಿತ್ತು. ಸುಮಾರು ಇಪ್ಪತ್ತು ವರ್ಷ ಹಿಡಿದು ಕಟ್ಟಿದ, ವಿಕಾಸ ಸಿದ್ಧಾಂತದ ಮೇಲಿನ ಸಾವಿರದ ನಾನೂರಕ್ಕೂ ಹೆಚ್ಚು ಪುಟಗಳ ಅವರ ಪುಸ್ತಕ ಹೊರಬಂದದ್ದು 2002ರ ಮಾರ್ಚಿನಲ್ಲಿ. ಅಷ್ಟರಲ್ಲಿ ಇನ್ನೊಂದು ಕ್ಯಾನ್ಸರ್ ಶ್ವಾಸಕೋಶದಿಂದ ಮಿದುಳಿಗೆ ಹಬ್ಬಿತ್ತು. ಹಳೆಯದಕ್ಕೂ ಅದಕ್ಕೂ ಸಂಬಂಧವಿರಲಿಲ್ಲ. ಮೇ 20ರಂದು ಗೌಲ್ಡ್ ತೀರಿಕೊಂಡರು, ನ್ಯೂಯಾರ್ಕಿನ ಮನೆಯಲ್ಲಿ. ಪಕ್ಕದಲ್ಲಿ ಹೆಂಡತಿ ಮತ್ತು ತಾಯಿ ಇದ್ದರು. ಹಾಸಿಗೆಯನ್ನು ಪುಸ್ತಕಗಳ ನಡುವೆ, ಓದುವ ಕೋಣೆಯಲ್ಲಿ ಹಾಕಿಸಿಕೊಂಡಿದ್ದರು.