ಸಂಶೋಧನೆಯ ಹೊಸ್ತಿಲಲ್ಲಿ

ಚಿಕ್ಕಬಳ್ಳಾಪುರದ ಬಳಿಯ ಮುದ್ದೇನಹಳ್ಳಿಯೆಂದೊಡನೆ ನಾಡಿನ ಜನಕ್ಕೆ ನೆನಪಾಗುವುದು ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರು. ಅಣೆಕಟ್ಟು, ಕಾರ್ಖಾನೆಗಳ ಮಾತು ಬಂದಾಗ ಅವರನ್ನು ಸ್ಮರಿಸುವ ನಾವು, ಮೈಸೂರು ವಿಶ್ವವಿದ್ಯಾನಿಲಯವು 1916ರಲ್ಲಿ ಸ್ಥಾಪನೆಯಾದದ್ದೂ ಅವರು ದಿವಾನರಾಗಿದ್ದಾಗಲೇ ಎಂಬುದನ್ನು ಎಷ್ಟೋ ಸಲ ಮರೆಯುತ್ತೇವೆ. ಆ ವಿಶ್ವವಿದ್ಯಾನಿಲಯದಲ್ಲಿ 1927ರಲ್ಲಿ ಕನ್ನಡ ಎಂ.ಎ. ತರಗತಿ ಆರಂಭವಾಯಿತು. 1929ರಲ್ಲಿ ಕುವೆಂಪು ಅವರು ಆ ಪದವಿಯನ್ನು ಪಡೆದರು. ಕನ್ನಡವನ್ನು ಉನ್ನತ ವ್ಯಾಸಂಗದ ವಿಷಯವಾಗಿ ಓದಬಹುದು, ಓದಿ ಬದುಕಲೂಬಹುದು ಎಂಬ ನಂಬಿಕೆ ಹಳ್ಳಿಗಳ ಮಕ್ಕಳಲ್ಲಿ ಮೂಡಿದ್ದು ಅಲ್ಲಿಂದೀಚೆಗೆ.

ಇಂದು ಅದೇ ಮುದ್ದೇನಹಳ್ಳಿಯ ಸುತ್ತಿನಲ್ಲಿ ಕನ್ನಡ ಎಂ.ಎ. ಮುಗಿಸಿ, ಪಿಎಚ್.ಡಿ. ಪ್ರವೇಶಕ್ಕೆ ಅರ್ಜಿ ಹಾಕಿ ಕಾಯುತ್ತಿರುವ ತರುಣ ತರುಣಿಯರು ಹಲವರಿದ್ದಾರೆ. ಊರಿನಲ್ಲಿಯೇ ತಾಂತ್ರಿಕ ಸ್ನಾತಕೋತ್ತರ ಕೇಂದ್ರವಿದೆ. ಆದರೆ ಸಾಹಿತ್ಯ ಸಂಶೋಧನೆಗೆ ಕೋಲಾರಕ್ಕೋ ಬೆಂಗಳೂರಿಗೋ ಹೋಗಬೇಕು. ಇಲ್ಲವಾದರೆ ತುಮಕೂರು, ಮೈಸೂರು, ಹಂಪಿ. ನಿವೃತ್ತನಾದ ಮೇಲೆ ನನ್ನಲ್ಲಿಗೆ ಇಂಥವರು ಬಂದು ಕೇಳುವ ಪ್ರಶ್ನೆ ಸಾಮಾನ್ಯವಾಗಿ ಒಂದೇ: “ಸಂದರ್ಶನ ಮುಗಿದು ಇಷ್ಟು ತಿಂಗಳಾಯಿತು, ಏನೂ ತಿಳಿಸಿಲ್ಲ. ನಮ್ಮ ಹೆಸರು ಇಲ್ಲವೆಂದೇ ಅರ್ಥವೇ?” ಅಲ್ಲವೆಂಬುದೇ ನನ್ನ ಉತ್ತರ. ಏಕೆ ಅಲ್ಲ ಎಂಬುದನ್ನು ಇಂದಿನ ಭಾಷಣದಲ್ಲಿ ಸ್ವಲ್ಪ ವಿವರವಾಗಿ ಹೇಳಬಯಸುತ್ತೇನೆ.

ಎಂ.ಎ. ಪ್ರವೇಶಕ್ಕೂ ಪಿಎಚ್.ಡಿ. ಪ್ರವೇಶಕ್ಕೂ ಮೂಲಭೂತವಾದ ಒಂದು ಅಂತರವಿದೆ. ಎಂ.ಎ. ತರಗತಿಯಲ್ಲಿ ಇಷ್ಟು ಸ್ಥಾನಗಳೆಂದು ಗೊತ್ತುಮಾಡಿದರೆ ಪ್ರತಿವರ್ಷವೂ ಅಷ್ಟು ಸ್ಥಾನಗಳು ತೆರವಾಗುತ್ತವೆ. ಸಂಶೋಧನೆಯಲ್ಲಿ ಹಾಗಲ್ಲ. ಅಲ್ಲಿ ಸ್ಥಾನವಿರುವುದು ತರಗತಿಯಲ್ಲಲ್ಲ, ಮಾರ್ಗದರ್ಶಕರ ಬಳಿ. ವಿಶ್ವವಿದ್ಯಾನಿಲಯ ಅನುದಾನ ಆಯೋಗದ 2022ರ ನಿಯಮಾವಳಿಯಂತೆ ಒಬ್ಬ ಪ್ರಾಧ್ಯಾಪಕರು ಏಕಕಾಲದಲ್ಲಿ 8 ಮಂದಿಗೆ, ಸಹ ಪ್ರಾಧ್ಯಾಪಕರು 6 ಮಂದಿಗೆ, ಸಹಾಯಕ ಪ್ರಾಧ್ಯಾಪಕರು 4 ಮಂದಿಗೆ ಮಾತ್ರ ಮಾರ್ಗದರ್ಶನ ಮಾಡಬಹುದು. ಒಳಗಿರುವವರು ಮಹಾಪ್ರಬಂಧವನ್ನು ಒಪ್ಪಿಸಿ ಹೊರಬಂದಾಗಲೇ ಹೊಸಬರಿಗೆ ಜಾಗ. ಸಂಶೋಧನೆಯ ಅವಧಿ ಕನಿಷ್ಠ ಮೂರು ವರ್ಷ, ಸಾಮಾನ್ಯವಾಗಿ ಗರಿಷ್ಠ ಆರು ವರ್ಷ. ಆದ್ದರಿಂದ ಒಂದು ವರ್ಷ ಒಂದು ವಿಭಾಗದಲ್ಲಿ ಹತ್ತು ಸ್ಥಾನಗಳಿದ್ದು, ಮರುವರ್ಷ ಒಂದೂ ಇಲ್ಲದಿರಬಹುದು. ಇದರಲ್ಲಿ ಅರ್ಜಿದಾರನ ಯೋಗ್ಯತೆಯ ಪ್ರಶ್ನೆಯೇ ಬರುವುದಿಲ್ಲ.

ಇದಕ್ಕೆ ಇನ್ನೊಂದು ಸಂಗತಿ ಸೇರುತ್ತದೆ. ನಿವೃತ್ತಿಗೆ ಮೂರು ವರ್ಷಕ್ಕಿಂತ ಕಡಮೆ ಅವಧಿ ಉಳಿದಿರುವ ಅಧ್ಯಾಪಕರು ಹೊಸ ಸಂಶೋಧಕರನ್ನು ತೆಗೆದುಕೊಳ್ಳುವಂತಿಲ್ಲ. ನಿಯಮವೇನೋ ಒಳ್ಳೆಯದೇ, ಅರ್ಧ ದಾರಿಯಲ್ಲಿ ಗುರುವನ್ನು ಕಳೆದುಕೊಂಡ ಶಿಷ್ಯನ ಪಾಡು ಯಾರಿಗೂ ಬೇಡ. ಆದರೆ ಹಿರಿಯರು ನಿವೃತ್ತರಾದ ಸ್ಥಾನಗಳಿಗೆ ಹೊಸಬರ ನೇಮಕ ನಡೆಯದೆ, ಪಾಠವನ್ನೆಲ್ಲ ಅತಿಥಿ ಉಪನ್ಯಾಸಕರಿಂದಲೇ ನಡೆಸುವ ವಿಭಾಗಗಳಲ್ಲಿ ಈ ನಿಯಮದ ಪರಿಣಾಮವೇನು? ಮಾರ್ಗದರ್ಶಕರ ಸಂಖ್ಯೆ ಕುಗ್ಗುತ್ತದೆ, ಸ್ಥಾನಗಳೂ ಕುಗ್ಗುತ್ತವೆ. ಅರ್ಜಿಗಳು ಮಾತ್ರ ಕುಗ್ಗುವುದಿಲ್ಲ. ಜೊತೆಗೆ 2022ರ ನಿಯಮಾವಳಿ ಎಂ.ಫಿಲ್. ಪದವಿಯನ್ನು ಕೈಬಿಟ್ಟಿತು. ಮೊದಲು ಸಂಶೋಧನೆಯ ಮನೆಗೆ ಅದೊಂದು ಜಗಲಿಯಂತಿತ್ತು. ಒಳಗೆ ಕರೆಯುವವರೆಗೆ ಅಲ್ಲಿ ಕುಳಿತು ಏನಾದರೂ ಕೆಲಸ ಮಾಡುತ್ತಿರಬಹುದಿತ್ತು. ಈಗ ಆ ಜಗಲಿಯಿಲ್ಲ.

ಇನ್ನು ಆಯ್ಕೆಯ ಕ್ರಮ. ಪತ್ರಿಕೆಯಲ್ಲಿ ಪ್ರಕಟಣೆ, ಅರ್ಜಿ, ಪ್ರವೇಶ ಪರೀಕ್ಷೆ, ಸಂದರ್ಶನ, ಮೀಸಲಾತಿಯ ಪ್ರಕಾರ ಪಟ್ಟಿ, ಮಾರ್ಗದರ್ಶಕರ ಹಂಚಿಕೆ, ನೋಂದಣಿ, ಇಷ್ಟು ಮೆಟ್ಟಿಲುಗಳನ್ನು ಏರಬೇಕು. ಸ್ನಾತಕೋತ್ತರ ಪದವಿಯಲ್ಲಿ ಸಾಮಾನ್ಯವಾಗಿ ಶೇಕಡ 55 ಅಂಕಗಳು ಬೇಕು. ವಿಶ್ವವಿದ್ಯಾನಿಲಯವೇ ನಡೆಸುವ ಪರೀಕ್ಷೆಯಲ್ಲಿ ಅರ್ಧಭಾಗ ಸಂಶೋಧನಾ ವಿಧಾನಕ್ಕೆ, ಅರ್ಧಭಾಗ ವಿಷಯಜ್ಞಾನಕ್ಕೆ ಮೀಸಲು. ಆಮೇಲೆ ಪರೀಕ್ಷೆಗೆ ಶೇಕಡ 70, ಸಂದರ್ಶನಕ್ಕೆ ಶೇಕಡ 30 ತೂಕ ಕೊಟ್ಟು ಯಾದಿಯನ್ನು ಸಿದ್ಧಪಡಿಸುತ್ತಾರೆ. ಸಂದರ್ಶನ ಮುಗಿದ ಸಂಜೆಯೇ ಎಲ್ಲವೂ ತೀರ್ಮಾನವಾಗಿ, ಬೇಕೆಂದೇ ಅದನ್ನು ಮುಚ್ಚಿಟ್ಟಿದ್ದಾರೆಂದು ಹುಡುಗರು ಭಾವಿಸುವುದುಂಟು. ವಸ್ತುಸ್ಥಿತಿ ಬೇರೆ. ಅಂಕಗಳನ್ನು ಕೂಡಬೇಕು, ಪ್ರವರ್ಗವಾರು ಪಟ್ಟಿಯನ್ನು ಪರಿಶೀಲಿಸಬೇಕು, ಹಳಗನ್ನಡ ಕಾವ್ಯದ ವಿಷಯ ತಂದವನಿಗೆ ಹಳಗನ್ನಡ ಬಲ್ಲ ಮಾರ್ಗದರ್ಶಕರೇ ಸಿಗಬೇಕು, ಜಾನಪದ ತಂದವಳಿಗೆ ಜಾನಪದ ಬಲ್ಲವರು ಸಿಗಬೇಕು. ಕಡತವು ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಹೋಗುವಾಗ ಎಲ್ಲಿ ಎಷ್ಟು ದಿನ ನಿಲ್ಲುತ್ತದೆಂಬುದನ್ನು ಯಾವ ನಿಯಮಾವಳಿಯೂ ಹೇಳುವುದಿಲ್ಲ. ಮೌನವು ತೀರ್ಪಲ್ಲ, ಬಹುಮಟ್ಟಿಗೆ ಅದು ಕಡತದ ನಿದ್ರೆ.

ನಾನು ಎಂ.ಎ. ಮುಗಿಸಿದ 1980ರ ದಶಕದಲ್ಲಿ ಈ ಮೆಟ್ಟಿಲುಗಳಾವುವೂ ಇರಲಿಲ್ಲ. ಹಿರಿಯ ಪ್ರಾಧ್ಯಾಪಕರೊಬ್ಬರು “ಆಗಲಿ, ಮಾಡು” ಎಂದರೆ ಮುಕ್ಕಾಲು ಕೆಲಸ ಮುಗಿದಂತೆ. ಆದರೆ ಆ ಒಂದು ಮಾತಿಗಾಗಿ ಅವರ ಮನೆಯ ಬಾಗಿಲಲ್ಲಿ ತಿಂಗಳುಗಟ್ಟಲೆ ನಿಂತವರನ್ನು ನಾನು ಬಲ್ಲೆ. ಪರಿಚಯವಿದ್ದವನಿಗೆ ಬಾಗಿಲು ಬೇಗ ತೆರೆಯುತ್ತಿತ್ತು. ಇಲ್ಲದವನು ಊರಿಗೆ ಹಿಂದಿರುಗುತ್ತಿದ್ದ. ಇಂದಿನ ಪದ್ಧತಿ ಎಷ್ಟೇ ನಿಧಾನವಾದರೂ, ಯಾರನ್ನೂ ಅರಿಯದ ಹಳ್ಳಿಯ ಹುಡುಗಿಯೊಬ್ಬಳು ತನ್ನ ಅಂಕಗಳ ಬಲದಿಂದಲೇ ಸಂದರ್ಶನದ ಕೋಣೆಯವರೆಗೆ ಬರಬಲ್ಲಳು. ಹಳೆಯದೆಲ್ಲ ಹೊನ್ನೆಂದು ಹೇಳುವವರು ಇದನ್ನು ಗಮನಿಸಬೇಕು.

ಆದರೂ ಕಾಯುವಿಕೆಯ ನಷ್ಟವೇನೂ ಸಣ್ಣದಲ್ಲ. 2024ರಲ್ಲಿ ಆಯೋಗವು ರಾಷ್ಟ್ರೀಯ ಅರ್ಹತಾ ಪರೀಕ್ಷೆಯ ಅಂಕಗಳನ್ನೇ ಪಿಎಚ್.ಡಿ. ಪ್ರವೇಶಕ್ಕೂ ಬಳಸಬಹುದೆಂದು ಪ್ರಕಟಿಸಿತು. ಉತ್ತೀರ್ಣರಾದವರಲ್ಲಿ ಮೂರು ವರ್ಗಗಳು: ಕಿರಿಯ ಸಂಶೋಧನಾ ಶಿಷ್ಯವೇತನಕ್ಕೂ ಅರ್ಹರಾದವರು, ಸಹಾಯಕ ಪ್ರಾಧ್ಯಾಪಕ ಹುದ್ದೆಗೂ ಪಿಎಚ್.ಡಿ.ಗೂ ಅರ್ಹರಾದವರು, ಪಿಎಚ್.ಡಿ.ಗೆ ಮಾತ್ರ ಅರ್ಹರಾದವರು. ಊರೂರಿಗೆ ಬೇರೆ ಬೇರೆ ಪರೀಕ್ಷೆ ಬರೆಯುವ ಖರ್ಚು ತಪ್ಪಲೆಂಬುದು ಉದ್ದೇಶ. ಆದರೆ ಆ ವರ್ಷದ ಜೂನ್ 18ರಂದು ನಡೆದ, ಒಂಬತ್ತು ಲಕ್ಷಕ್ಕೂ ಹೆಚ್ಚು ಮಂದಿ ಬರೆದ ಪರೀಕ್ಷೆ ಮರುದಿನವೇ ರದ್ದಾಯಿತು. ಆಗಸ್ಟ್ ಸೆಪ್ಟೆಂಬರುಗಳಲ್ಲಿ ಮತ್ತೆ ಪರೀಕ್ಷೆ ನಡೆದು ಫಲಿತಾಂಶ ಬಂದದ್ದು ಅಕ್ಟೋಬರಿನಲ್ಲಿ. ಎರಡನೆಯ ಮತ್ತು ಮೂರನೆಯ ವರ್ಗದವರ ಅಂಕಗಳಿಗೆ ಪ್ರವೇಶದ ಮಟ್ಟಿಗೆ ಒಂದೇ ವರ್ಷದ ಆಯುಷ್ಯ. ಅಷ್ಟರೊಳಗೆ ವಿಶ್ವವಿದ್ಯಾನಿಲಯವು ಅರ್ಜಿ ಕರೆಯದಿದ್ದರೆ ಪಡೆದ ಅಂಕ ವ್ಯರ್ಥ.

ನಮ್ಮ ಸೀಮೆಯ ಹೆಣ್ಣುಮಗಳೊಬ್ಬಳಿಗೆ ಆದದ್ದು ಇದೇ. ಮುದ್ದೇನಹಳ್ಳಿಗೆ ಸಮೀಪದ ಊರು. ತಂದೆ ರೇಷ್ಮೆ ಬೆಳೆಗಾರ, ಗೂಡನ್ನು ಶಿಡ್ಲಘಟ್ಟದ ಮಾರುಕಟ್ಟೆಗೆ ಹಾಕುವವನು. ಕೈವಾರದ ಯೋಗಿ ನಾರೇಯಣರು ಕನ್ನಡ ತೆಲುಗುಗಳೆರಡರಲ್ಲಿಯೂ ಹಾಡಿದವರು. ಆ ದ್ವಿಭಾಷಾ ಪರಂಪರೆ ಈ ತಾಲ್ಲೂಕುಗಳ ಭಜನೆ ಮಂಡಲಿಗಳಲ್ಲಿ ಇಂದು ಹೇಗೆ ಉಳಿದಿದೆಯೆಂಬುದು ಆಕೆ ಆರಿಸಿಕೊಂಡ ವಿಷಯ. ಅರ್ಹತಾ ಪರೀಕ್ಷೆಯಲ್ಲಿ ಅವಳು ಎರಡನೆಯ ವರ್ಗದಲ್ಲಿ ಉತ್ತೀರ್ಣಳಾದಳು. ಆದರೆ ಆಕೆ ನೆಚ್ಚಿದ್ದ ವಿಶ್ವವಿದ್ಯಾನಿಲಯದ ಪ್ರಕಟಣೆ ಹೊರಬಂದದ್ದು ಅಂಕಗಳ ವರ್ಷ ಕಳೆದ ಮೇಲೆ. ಆ ನಡುವೆ ಮನೆಗೆ ಎರಡು ಗಂಡುಗಳ ಕಡೆಯವರು ಬಂದುಹೋದರು. “ಇನ್ನೊಂದು ತಿಂಗಳು ನೋಡೋಣ” ಎಂದು ತಾಯಿ ಹೇಳಿದ್ದು ಎಷ್ಟು ಸಲವೋ. ಒಮ್ಮೆ ತಂದೆ ನನ್ನ ಮುಂದೆಯೇ ಕೇಳಿದ: “ಮೇಷ್ಟ್ರೇ, ಹುಳಕ್ಕಾದರೆ ಇಷ್ಟು ದಿನ ಅಂತ ಲೆಕ್ಕ ಐತೆ. ನಾಕು ಜ್ವರ ಕಳೀತದೆ, ಹಣ್ಣಾಗ್ತದೆ, ಚಂದ್ರಿಕೆಗೆ ಬಿಡ್ತೀವಿ. ನಿಮ್ಮ ಯೂನಿವರ್ಸಿಟಿಗೆ ಲೆಕ್ಕ ಇಲ್ವಾ?”

ಆ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಪ್ರಶ್ನೆ ಮಾತ್ರ ನ್ಯಾಯವಾದದ್ದು. ಅಮೆರಿಕದಲ್ಲಿ ಸಾಹಿತ್ಯದ ಡಾಕ್ಟರೇಟ್ ವ್ಯಾಸಂಗಕ್ಕೆ ಹೋಗಬಯಸುವವರು ಬಹುಮಟ್ಟಿಗೆ ಡಿಸೆಂಬರ್ ಜನವರಿಗಳ ವೇಳೆಗೆ ಅರ್ಜಿ ಹಾಕುತ್ತಾರೆ. ಫೆಬ್ರವರಿ ಮಾರ್ಚಿಯಲ್ಲಿ ಉತ್ತರಗಳು ಬರುತ್ತವೆ. ಶಿಷ್ಯವೇತನದೊಡನೆ ಬಂದ ಕರೆಯನ್ನು ಒಪ್ಪುವುದೋ ಬಿಡುವುದೋ ಎಂದು ತಿಳಿಸಲು ವಿದ್ಯಾರ್ಥಿಗೆ ಏಪ್ರಿಲ್ 15ರವರೆಗೆ ಅವಕಾಶ ಕೊಡಬೇಕೆಂದು ಅಲ್ಲಿನ ಬಹುಪಾಲು ವಿಶ್ವವಿದ್ಯಾನಿಲಯಗಳು ತಮ್ಮೊಳಗೆ ಒಪ್ಪಂದ ಮಾಡಿಕೊಂಡಿವೆ. ಒಬ್ಬನು ಬಿಟ್ಟ ಸ್ಥಾನ ಕಾದಿರುವ ಇನ್ನೊಬ್ಬನಿಗೆ ಹೋಗುತ್ತದೆ. ಅಲ್ಲಿಯೂ ಸ್ಥಾನಗಳು ಕೆಲವೇ, ನಿರಾಶರಾಗುವವರೇ ಹೆಚ್ಚು, ಎದೆಯ ಡವಡವವೂ ಒಂದೇ. ಆದರೆ ಕಾಯುವಿಕೆಗೆ ಒಂದು ಕೊನೆಯಿದೆ. ಕೊನೆಯ ದಿನ ಗೊತ್ತಿದ್ದರೆ ಮನುಷ್ಯ ಯಾವ ನಿರಾಶೆಯನ್ನಾದರೂ ತಾಳಿಕೊಂಡಾನು.

ಆಯ್ಕೆಯಾಗದಿದ್ದರೆ ಅದನ್ನು ಹೇಗೆ ತೆಗೆದುಕೊಳ್ಳಬೇಕು? ಸಂದರ್ಶನದಲ್ಲಿ ಮುಖ್ಯವಾಗಿ ನೋಡಬೇಕಾದವು ಮೂರು: ಅಭ್ಯರ್ಥಿಗೆ ಈ ಕೆಲಸದ ಸಾಮರ್ಥ್ಯವಿದೆಯೇ, ಈ ವಿಭಾಗದಲ್ಲಿ ಆ ಕೆಲಸ ನಡೆಯಬಲ್ಲುದೇ, ಅದರಿಂದ ಹೊಸ ತಿಳಿವೇನಾದರೂ ಹುಟ್ಟೀತೇ. ಮೂರರಲ್ಲಿ ಮೊದಲನೆಯದು ಮಾತ್ರ ಪೂರ್ತಿಯಾಗಿ ಅಭ್ಯರ್ಥಿಗೆ ಸಂಬಂಧಿಸಿದ್ದು. ಎರಡನೆಯದು ವಿಭಾಗಕ್ಕೆ, ಮೂರನೆಯದು ವಿಷಯಕ್ಕೆ ಸಂಬಂಧಿಸಿದ್ದು. ಒಂದು ಕಡೆ ಮಾರ್ಗದರ್ಶಕರಿಲ್ಲದೆ ಹಿಂದಕ್ಕೆ ಬಂದ ವಿಷಯವನ್ನು ಇನ್ನೊಂದು ಕಡೆ ಕಣ್ಣಿಗೊತ್ತಿಕೊಂಡು ಸ್ವೀಕರಿಸಿದ್ದನ್ನು ನಾನು ನೋಡಿದ್ದೇನೆ. ಒಂದೇ ವಿಶ್ವವಿದ್ಯಾನಿಲಯಕ್ಕೆ ಅರ್ಜಿ ಹಾಕಿ ಕೂರಬಾರದೆಂದು ನಾನು ಹೇಳುವುದು ಇದರಿಂದಲೇ. ಅರ್ಜಿಗೆ ಮೊದಲು ಆ ವಿಭಾಗದ ಅಧ್ಯಾಪಕರು ಏನು ಬರೆದಿದ್ದಾರೆ, ಯಾರ ಬಳಿ ಸ್ಥಾನ ತೆರವಾಗಲಿದೆ ಎಂಬುದನ್ನು ವಿಚಾರಿಸಿ ತಿಳಿಯುವುದು ಸಂಕೋಚಪಡಬೇಕಾದ ಕೆಲಸವಲ್ಲ.

ರಾಮಾಯಣದಲ್ಲಿ ಕಾದವರು ಇಬ್ಬರಿದ್ದಾರೆ. ಅಹಲ್ಯೆ ಕಲ್ಲಾಗಿ ಕಾದಳೆಂದು ನಮ್ಮ ಜನ ಹೇಳುತ್ತಾರೆ. ಶಬರಿ ದಿನವೂ ದಾರಿ ಗುಡಿಸಿ, ಹಣ್ಣು ಆಯ್ದಿಟ್ಟು ಕಾದಳು. ಸಾಹಿತ್ಯದ ವಿದ್ಯಾರ್ಥಿಗೆ ಶಬರಿಯ ದಾರಿ ತೆರೆದೇ ಇದೆ. ವಿಜ್ಞಾನದ ಸಂಶೋಧಕನಿಗೆ ಪ್ರಯೋಗಶಾಲೆ ಬೇಕು. ಪ್ರವೇಶ ಸಿಗದೆ ಅವನ ಕೈ ಆಡದು. ನಮಗೆ ಬೇಕಾದದ್ದು ಪುಸ್ತಕ, ಜನ, ಎರಡು ಕಾಲು. ಬಿ.ಎಲ್. ರೈಸ್ ಅವರು 1905ರಲ್ಲಿ ಪ್ರಕಟಿಸಿದ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಹತ್ತನೆಯ ಸಂಪುಟದಲ್ಲಿ ಅಂದಿನ ಕೋಲಾರ ಜಿಲ್ಲೆಯ ಶಾಸನಗಳಿವೆ. 2007ರಲ್ಲಿ ಬೇರೆ ಜಿಲ್ಲೆಯಾದ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳ ಕಲ್ಲುಗಳೂ ಅದರಲ್ಲಿ ಸೇರಿವೆ. ಅಂದು ಓದಿದ ಆ ಕಲ್ಲುಗಳಲ್ಲಿ ಇಂದು ಎಷ್ಟು ಉಳಿದಿವೆ, ಎಷ್ಟು ಮನೆಯ ಮೆಟ್ಟಿಲಾಗಿವೆ ಎಂದು ಊರೂರು ಸುತ್ತಿ ನೋಡಲು ಯಾವ ಆಯ್ಕೆ ಪಟ್ಟಿಯೂ ಬೇಕಿಲ್ಲ. ಡಾ. ಎಚ್. ನರಸಿಂಹಯ್ಯನವರು ಗೌರಿಬಿದನೂರು ತಾಲ್ಲೂಕಿನ ಹೊಸೂರಿನವರು. 1960ರಲ್ಲಿ ಅಮೆರಿಕದ ಓಹಿಯೋ ಸ್ಟೇಟ್ ವಿಶ್ವವಿದ್ಯಾನಿಲಯದಿಂದ ಭೌತವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದಾಗ ಅವರಿಗೆ ನಲವತ್ತರ ಹತ್ತಿರದ ವಯಸ್ಸು. ಅಷ್ಟರಲ್ಲಿ ಅವರು ಎಷ್ಟೋ ವರ್ಷ ಪಾಠ ಹೇಳಿದ್ದರು. ತಡವಾದದ್ದರಿಂದ ಅವರ ವಿದ್ಯೆಗೇನೂ ಕುಂದು ಬರಲಿಲ್ಲ.

ನಾನು ಹೇಳಿದ ಆ ಹೆಣ್ಣುಮಗಳು ಈ ದಾರಿಯನ್ನೇ ಹಿಡಿದಳು. ಶನಿವಾರದ ಭಜನೆಗಳಿಗೆ ಹೋಗಿ ಕುಳಿತು ಹಾಡುಗಳನ್ನು ಬರೆದುಕೊಂಡಳು. ಒಂದೇ ಪದವನ್ನು ಒಂದು ಊರಿನವರು ತೆಲುಗಿನಲ್ಲಿಯೂ ಪಕ್ಕದ ಊರಿನವರು ಅರ್ಧ ಕನ್ನಡದಲ್ಲಿಯೂ ಹಾಡುವುದನ್ನು ಗುರುತಿಸಿದಳು. ಆಕೆಯ ಮೂರು ನೋಟ್‌ಪುಸ್ತಕಗಳನ್ನು ಓದಿ ನಾನು ಸಂತೋಷಪಟ್ಟಿದ್ದೇನೆ. ರೇಷ್ಮೆಹುಳು ಜ್ವರಕ್ಕೆ ಕೂತಾಗ ಸೊಪ್ಪು ಮುಟ್ಟುವುದಿಲ್ಲ, ಮಿಸುಕುವುದಿಲ್ಲ. ಆದರೆ ಹಳೆಯ ಪೊರೆಯ ಕೆಳಗೆ ಹೊಸ ಚರ್ಮ ಬೆಳೆಯುತ್ತಿರುತ್ತದೆ. ಆಕೆಯ ತಂದೆಗೆ ಇದನ್ನು ನಾನು ವಿವರಿಸಬೇಕಾದ ಅಗತ್ಯವಿರಲಿಲ್ಲ. ಅವಳು ಪರೀಕ್ಷೆಯನ್ನು ಮತ್ತೆ ಬರೆದಿದ್ದಾಳೆ, ಅರ್ಜಿಯನ್ನೂ ಮತ್ತೆ ಹಾಕಿದ್ದಾಳೆ. ಪಟ್ಟಿ ಇನ್ನೂ ಬಂದಿಲ್ಲ.

ಹೀಗೆ ಹೇಳಿದ ಮಾತ್ರಕ್ಕೆ ವಿಶ್ವವಿದ್ಯಾನಿಲಯಗಳ ಹೊಣೆ ತಪ್ಪಿತೆಂದಲ್ಲ. ಅವುಗಳಿಂದ ಬಯಸುವುದು ಮೂರೇ ಮಾತು. ಅರ್ಜಿ ಕರೆಯುವ ದಿನವೇ ಪಟ್ಟಿ ಪ್ರಕಟಿಸುವ ದಿನವನ್ನೂ ಗೊತ್ತುಪಡಿಸಿ ಹೇಳಲಿ. ಯಾವ ಮಾರ್ಗದರ್ಶಕರ ಬಳಿ ಎಷ್ಟು ಸ್ಥಾನಗಳು ತೆರವಿವೆಯೆಂಬುದನ್ನು ಮೊದಲೇ ತಿಳಿಸಲಿ. ಆಯ್ಕೆಯಾಗದವರಿಗೆ ಎರಡು ಸಾಲಿನಲ್ಲಾದರೂ ಕಾರಣ ಬರೆದು ಕಳುಹಿಸಲಿ. ಇದಕ್ಕೆ ಹಣ ಬೇಕಿಲ್ಲ, ಹೊಸ ಕಾನೂನೂ ಬೇಕಿಲ್ಲ.

ಕಾಯುತ್ತಿರುವ ಮಕ್ಕಳ ತಂದೆತಾಯಿಗಳೂ ಈ ಭಾಷಣವನ್ನು ಕೇಳುತ್ತಿರಬಹುದು. ಅವರಲ್ಲಿ ನನ್ನದೊಂದು ವಿನಂತಿ. ದಿನ ಬೆಳಗಾದರೆ “ಏನಾದರೂ ಬಂತೇ?” ಎಂದು ಕೇಳಬೇಡಿ. ಬಂದರೆ ಅವರೇ ಓಡಿಬಂದು ಹೇಳುತ್ತಾರೆ. ಅದರ ಬದಲು “ಇವತ್ತು ಏನು ಓದಿದೆ?” ಎಂದು ಕೇಳಿ. ಆ ಪ್ರಶ್ನೆಗೆ ಉತ್ತರ ಕೊಡುವುದು ಮಾತ್ರ ಅವರ ಕೈಯಲ್ಲಿಯೇ ಇದೆ.