ನಿಮಗಿದು ಗೊತ್ತೇ? ಗೊಣ್ಣೆಹುಳುವಿನ ಹೆಣದೊಳಗೆ ಔಷಧಿ ಅಂಗಡಿ!

ಅರಕಲಗೂಡು ತಾಲೂಕಿನ ಮಲ್ಲಿಪಟ್ಟಣ ಹೋಬಳಿಯ ರೈತರಿಗೆ ಗೊಣ್ಣೆಹುಳುವಿನ ಪರಿಚಯ ಮಾಡಿಕೊಡಬೇಕಿಲ್ಲ. ಬೇರು ತಿಂದು ಗಿಡ ಒಣಗಿಸುವ ಬಿಳಿ ಹುಳು. ಅದು ಸತ್ತ ಮೇಲಿನ ಕಥೆ ಮಾತ್ರ ಹೆಚ್ಚಿನವರಿಗೆ ಗೊತ್ತಿರಲಿಕ್ಕಿಲ್ಲ.

● ಗೊಣ್ಣೆಹುಳುವಿಗೆ ಯಮನಾಗುವ ಒಂದು ಜಂತುಹುಳುವಿದೆ. ಉದ್ದ ಅರ್ಧ ಮಿಲಿಮೀಟರ್, ಹೆಸರು ಮಾತ್ರ ಮೊಳದುದ್ದ: ಹೆಟೆರೊರ‍್ಯಾಬ್ಡೈಟಿಸ್ ಇಂಡಿಕಾ. ಕೊಯಮತ್ತೂರಿನಲ್ಲಿ ಸಿಕ್ಕ ಇದಕ್ಕೆ 1992ರಲ್ಲಿ ನಾಮಕರಣವಾಯಿತು. ಬೆಂಗಳೂರಿನ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೋ ಇದನ್ನು ಮಣ್ಣಿಗೆ ಹಾಕುವ ಪುಡಿಯಾಗಿಸಿದೆ.

● ನಿಜವಾದ ಕೊಲೆಗಾರ ಜಂತುವಲ್ಲ, ಅದರ ಕರುಳಲ್ಲಿ ಕೂತು ಬರುವ ಫೋಟೊರ‍್ಯಾಬ್ಡಸ್ ಬ್ಯಾಕ್ಟೀರಿಯಾ! ಜಂತು ಗೊಣ್ಣೆಹುಳುವಿನ ಮೈಯೊಳಗೆ ನುಗ್ಗಿ ಆ ಬ್ಯಾಕ್ಟೀರಿಯಾವನ್ನು ಕಕ್ಕುತ್ತದೆ. ಎರಡು ಮೂರು ದಿನದಲ್ಲಿ ಗೊಣ್ಣೆಯ ಕಥೆ ಮುಗಿಯಿತು.

● ಸತ್ತದ್ದು ಕೊಳೆತು ನಾರಬೇಕಲ್ಲವೇ? ಇಲ್ಲ. ಹೆಣ ಇಟ್ಟಿಗೆಯಂತೆ ಕೆಂಪಾಗುತ್ತದೆ, ಕಗ್ಗತ್ತಲಲ್ಲಿ ಮಂದವಾಗಿ ಹೊಳೆಯುತ್ತದೆ ಕೂಡ. ಜಂತುವಿನ ಸಂಸಾರಕ್ಕೆ ಆ ಹೆಣವೇ ಮನೆ, ಅದೇ ಊಟ. ಊಟ ಹಳಸದಂತೆ, ಬೂಷ್ಟು ಹಿಡಿಯದಂತೆ ಬ್ಯಾಕ್ಟೀರಿಯಾ ಬಗೆಬಗೆಯ ಆ್ಯಂಟಿಬಯಾಟಿಕ್‌ಗಳನ್ನು ತಯಾರಿಸಿ ಕಾವಲು ಕಾಯುತ್ತದೆ. ನಮ್ಮ ಅಜ್ಜಿಯರು ಉಪ್ಪಿನಕಾಯಿ ಜಾಡಿಗೆ ಉಪ್ಪು ಸುರಿದಂತೆ!

● ಆ ಕಾವಲು ರಾಸಾಯನಿಕಗಳಲ್ಲೊಂದು ಈಗ ಮನುಷ್ಯರ ಚರ್ಮಕ್ಕೆ ಮುಲಾಮು. ಸೋರಿಯಾಸಿಸ್‌ಗೆ ಹಚ್ಚುವ ಟ್ಯಾಪಿನರಾಫ್‌ಗೆ 2022ರಲ್ಲಿ ಅಮೆರಿಕ ಒಪ್ಪಿಗೆ ಕೊಟ್ಟಿತು. ಅದರ ಅಣು ಮೊದಲು ಸಿಕ್ಕಿದ್ದು ಇದೇ ಫೋಟೊರ‍್ಯಾಬ್ಡಸ್ ಕುಲದಲ್ಲಿ.

● 2019ರಲ್ಲಿ ಬಾಸ್ಟನ್ನಿನ ಕಿಮ್ ಲೂಯಿಸ್ ತಂಡ ಇದೇ ಕುಲದಿಂದ ಡಾರೊಬ್ಯಾಕ್ಟಿನ್ ಹೊರತೆಗೆಯಿತು. ಔಷಧಿಗಳಿಗೆ ಸುಲಭವಾಗಿ ಬಗ್ಗದ ಗ್ರಾಮ್-ನೆಗೆಟಿವ್ ರೋಗಾಣುಗಳ ಹೊರಕವಚ ಕಟ್ಟುವ ಕೆಲಸವನ್ನೇ ಅದು ನಿಲ್ಲಿಸುತ್ತದೆ. ಔಷಧಿ ಅಂಗಡಿಗೆ ಬರಲು ಇನ್ನೂ ಕಾಯಬೇಕು.

● ಮಳೆಗಾಲದಲ್ಲಿ ದೀಪಕ್ಕೆ ಬಂದು, ಕೈಯಲ್ಲಿ ಉಜ್ಜಿದರೆ ಬೊಬ್ಬೆ ಎಬ್ಬಿಸುವ ಕೇಸರಿ-ಕಪ್ಪು ಹುಳುವಿನ (ಪೀಡರಸ್) ವಿಷವೂ ಅದರ ಸ್ವಂತದ್ದಲ್ಲ! ಒಳಗಿರುವ ಬ್ಯಾಕ್ಟೀರಿಯಾದ್ದೆಂದು 2002ರಲ್ಲಿ ಯೋರ್ನ್ ಪೀಲ್ ತೋರಿಸಿದರು. ಅದು ಮೈಮೇಲೆ ಕೂತರೆ ಹೊಡೆಯಬೇಡಿ, ಊದಿಬಿಡಿ.

● ಜಂತುಹುಳುವಿಗೆ ಬಿಸಿಲೆಂದರೆ ಆಗದು. ಪುಡಿ ಹಾಕುವವರು ಸಂಜೆ ಹೊತ್ತಲ್ಲಿ, ಹಸಿ ಮಣ್ಣಿಗೆ ಹಾಕಿ. ಹೊಲದಲ್ಲಿ ಇಟ್ಟಿಗೆ ಬಣ್ಣದ ಗೊಣ್ಣೆಹುಳು ಸಿಕ್ಕರೆ ಬದುವಿನಾಚೆ ಎಸೆಯದೆ ಅಲ್ಲೇ ಮಣ್ಣು ಮುಚ್ಚಿ. ಅದರೊಳಗಿಂದ ಸಾವಿರಗಟ್ಟಲೆ ಹೊಸ ಜಂತುಗಳು ಹೊರಡಲಿವೆ.